ಮಣ್ಣು ಭಾರ ಹೊರುತ್ತದೆ ಸರಿ, ಮಣ್ಣಲ್ಲೇನಿದೆ?

ಮೇಲ್ಸೇತುವೆಗೋ ಸರ್ಕಾರಿ ಆಸ್ಪತ್ರೆಗೋ ಜಾಗ ಗೊತ್ತಾದ ಮೇಲೆ ಅಲ್ಲಿ ಮೊದಲು ಕಾಣಿಸಿಕೊಳ್ಳುವುದು ಮೂರು ಕಾಲಿನ ಕಬ್ಬಿಣದ ಚೌಕಟ್ಟು. ನೆಲಕ್ಕೆ ರಂಧ್ರ ಕೊರೆದು, ಅದರೊಳಗೆ ಕೊಳವೆ ಇಳಿಸಿ, 63.5 ಕಿಲೊ ತೂಕದ ಗುಂಡನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ, ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಎಂಬುದೇ ಲೆಕ್ಕ. ಕೊಳವೆಯಲ್ಲಿ ಸಿಕ್ಕಿದ ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಳ ಬರೆದ ಚೀಟಿ ಸೇರಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಜರಡಿ ಹಿಡಿಯುತ್ತಾರೆ, ತೇವಾಂಶ ನೋಡುತ್ತಾರೆ, ಸಾಂದ್ರತೆ ಅಳೆಯುತ್ತಾರೆ. ರಾಸಾಯನಿಕ ಪರೀಕ್ಷೆಯೂ ಇರುತ್ತದೆ: ಪಿಎಚ್, ಸಲ್ಫೇಟ್, ಕ್ಲೋರೈಡ್. ಈ ಮೂರನ್ನೇ ಏಕೆ ನೋಡುತ್ತಾರೆಂದರೆ ಸಲ್ಫೇಟ್ ಕಾಂಕ್ರೀಟನ್ನು ತಿನ್ನುತ್ತದೆ, ಕ್ಲೋರೈಡ್ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದೇ ಮಣ್ಣಿನಲ್ಲಿ ಸೀಸ, ಕ್ರೋಮಿಯಂ, ಪಾದರಸ, ಸೋರಿದ ಡೀಸೆಲ್ ಇದೆಯೇ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕಂಬದ ಆರೋಗ್ಯ ವಿಚಾರಿಸಿಕೊಳ್ಳುವ ನಮ್ಮ ವ್ಯವಸ್ಥೆ, ಆ ಕಂಬಕ್ಕೆ ಗುಂಡಿ ತೋಡುವವರ ಮತ್ತು ತೋಡಿದ ಮಣ್ಣು ಯಾರ ಊರಿನ ಪಕ್ಕ ಬೀಳುತ್ತದೋ ಅವರ ಆರೋಗ್ಯವನ್ನು ವಿಚಾರಿಸಿಕೊಳ್ಳುವುದಿಲ್ಲ. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿಯೊಂದು ದೊಡ್ಡ ಕಾಮಗಾರಿಗೂ ಈ ಎರಡನೇ ವಿಚಾರಣೆ ಕಡ್ಡಾಯವಾಗಬೇಕು, ಅದೂ ಟೆಂಡರ್ ಕರೆಯುವ ಮೊದಲೇ ಮುಗಿದಿರಬೇಕು ಎಂಬುದು ಈ ಲೇಖನದ ವಾದ.

ಇದು ಹೊಸ ಶಾಸ್ತ್ರವೇನಲ್ಲ. ಅಮೆರಿಕದಲ್ಲಿ 1980ರ ‘ಸೂಪರ್‌ಫಂಡ್’ ಕಾಯ್ದೆ ಬಂದು, ಕಲುಷಿತ ಜಾಗವನ್ನು ಕೊಂಡವನ ತಲೆಗೂ ಶುಚಿಗೊಳಿಸುವ ಖರ್ಚು ಬರಬಹುದು ಎಂದಾದ ಮೇಲೆ, ಜಾಗದ ಪೂರ್ವಚರಿತ್ರೆ ಕೆದಕುವುದು ಅಲ್ಲಿ ನಿತ್ಯದ ವ್ಯವಹಾರವಾಯಿತು. ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ತೆಗೆಯುವುದಿಲ್ಲ. ಹಳೆಯ ನಕಾಶೆ, ಕಾರ್ಖಾನೆ ಪರವಾನಗಿ, ವಿಮಾನದಿಂದ ತೆಗೆದ ಚಿತ್ರ, ಪೆಟ್ರೋಲ್ ಬಂಕಿನ ದಾಖಲೆ ಹುಡುಕುತ್ತಾರೆ, ಜಾಗದಲ್ಲಿ ಓಡಾಡಿ ಕಲೆ, ವಾಸನೆ, ಹುಲ್ಲು ಹುಟ್ಟದ ಜಾಗ ನೋಡುತ್ತಾರೆ, ಹಳಬರನ್ನು ಮಾತಾಡಿಸುತ್ತಾರೆ. ಅನುಮಾನ ಹುಟ್ಟಿದರಷ್ಟೇ ಎರಡನೇ ಹಂತ, ಅಂದರೆ ಮಣ್ಣು ಮತ್ತು ಅಂತರ್ಜಲದ ಮಾದರಿ ತೆಗೆಯುವುದು. ನಮ್ಮಲ್ಲಿ ಮೊದಲ ಹಂತಕ್ಕೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಗ್ರಾಮ ನಕಾಶೆ, ಪಹಣಿ, ಕೆಐಎಡಿಬಿ ಕಡತ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರಗಳು ಎಲ್ಲವೂ ಒಂದಲ್ಲ ಒಂದು ಕಪಾಟಿನಲ್ಲಿವೆ. ಬೆಂಗಳೂರಿನ ಮೆಟ್ರೊ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಗಳ ಪಟ್ಟಿಯಲ್ಲಿ ಪಾಟರಿ ಟೌನ್, ಟ್ಯಾನರಿ ರೋಡ್ ಎಂಬ ಹೆಸರುಗಳಿವೆ. ಚರ್ಮ ಹದ ಮಾಡಲು ಕ್ರೋಮಿಯಂ ಲವಣ ಬಳಸುತ್ತಾರೆಂದು ತಿಳಿದವರಿಗೆ ಇಂಥ ಹೆಸರು ಒಂದು ಸೂಚನೆ. ಹೆಸರಿದ್ದ ಮಾತ್ರಕ್ಕೆ ಅಲ್ಲಿ ವಿಷವಿದೆ ಎಂದಲ್ಲ. ನೋಡಬೇಕು ಎಂದಷ್ಟೇ ಅರ್ಥ. ಕೆರೆಗಳದ್ದು ಇನ್ನೊಂದು ಕಥೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದವು. ತುಂಬಿಸಿದ ಕೆರೆಯ ಮೇಲೆ ಕಟ್ಟಡ ನಿಲ್ಲುತ್ತದೆಯೇ ಎಂದು ಎಂಜಿನಿಯರುಗಳು ಖಂಡಿತ ಯೋಚಿಸಿರುತ್ತಾರೆ. ಕೆರೆಯನ್ನು ಏನು ಹಾಕಿ ತುಂಬಿಸಿದರು ಎಂಬುದು ಬೇರೆಯೇ ಪ್ರಶ್ನೆ. ಹೊರಗಿನಿಂದ ತಂದು ಸುರಿದ ಮಣ್ಣಿನ ಜೊತೆ ಕಟ್ಟಡದ ಅವಶೇಷ, ಬೂದಿ, ಕಾರ್ಖಾನೆಯ ಕಸ ಏನು ಬೇಕಾದರೂ ಬಂದಿರಬಹುದು. ನಮ್ಮ ಎಷ್ಟೋ ಊರುಗಳಲ್ಲಿ ಬಸ್ ನಿಲ್ದಾಣ, ಮೈದಾನ, ತಾಲ್ಲೂಕು ಕಚೇರಿ ಇಂಥ ಜಾಗದಲ್ಲೇ ಇವೆ, ಏಕೆಂದರೆ ಸರ್ಕಾರಕ್ಕೆ ಸುಲಭವಾಗಿ ಸಿಗುವ ಜಾಗವೇ ಅದು.

ಖಾಸಗಿ ಮನೆಯ ಪಾಯಕ್ಕೂ ಸಾರ್ವಜನಿಕ ಕಾಮಗಾರಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಕಲುಷಿತ ಮಣ್ಣು ಕದಲದೆ ಮಲಗಿರುವಷ್ಟು ಕಾಲ ಅದರ ಅಪಾಯ ಬಹುಮಟ್ಟಿಗೆ ಅಲ್ಲಲ್ಲೇ ಉಳಿದಿರುತ್ತದೆ. ಹೆದ್ದಾರಿ, ಮೆಟ್ರೊ, ಒಳಚರಂಡಿ ಕಾಮಗಾರಿಗಳು ಮಾಡುವ ಕೆಲಸವೇ ಅದನ್ನು ಕದಲಿಸುವುದು. ಅಗೆದ ಮಣ್ಣು ಲಾರಿಯೇರಿ ಇಪ್ಪತ್ತು ಮೂವತ್ತು ಕಿಲೊಮೀಟರ್ ಆಚೆಯ ಹಳೆಯ ಕಲ್ಲುಕ್ವಾರಿಗೆ ಹೋಗುತ್ತದೆ. ಗುಂಡಿ ಒಣಗಿರಲಿ ಎಂದು ಹಗಲಿರುಳು ನೀರೆತ್ತಿ ರಾಜಕಾಲುವೆಗೆ ಬಿಡುತ್ತಾರೆ. ಹಾಗೆ ಎತ್ತುವಾಗ ಪಕ್ಕದ ಹಳೆಯ ಪೆಟ್ರೋಲ್ ಬಂಕಿನ ಅಡಿಯಲ್ಲಿ, ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಅಡಿಯಲ್ಲಿ ನಿಂತಿದ್ದ ಕೆಟ್ಟ ನೀರೂ ಈ ಕಡೆಗೆ ಹರಿದು ಬರುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಎಂದೋ ದಾಖಲಾಗಿರುವ ಸಂಗತಿ. ಅಂಥ ಪ್ರದೇಶದಲ್ಲಿ ಆಳದ ಗುಂಡಿ ತೋಡುವ ಯಾವುದೇ ಇಲಾಖೆ, ಎತ್ತಿದ ನೀರನ್ನು ಪರೀಕ್ಷಿಸದೆ ಕಾಲುವೆಗೆ ಬಿಟ್ಟರೆ, ಒಂದು ಕಡೆಯ ಮಾಲಿನ್ಯವನ್ನು ಇನ್ನೊಂದು ಕಡೆಗೆ ತಾನೇ ಸಾಗಿಸಿದಂತಾಗುತ್ತದೆ.

ಮುಂಚಿತವಾಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವೆಸ್ಟ್ ಗೇಟ್ ಸುರಂಗಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ನಗರದ ಪಶ್ಚಿಮಕ್ಕೆ, ಹಳೆಯ ಕೈಗಾರಿಕಾ ಪ್ರದೇಶದ ಅಡಿಯಲ್ಲಿ ಅವಳಿ ಸುರಂಗ ರಸ್ತೆ. ಒಂದು 4 ಕಿ.ಮೀ., ಇನ್ನೊಂದು 2.8 ಕಿ.ಮೀ. 2018ರಲ್ಲಿ ಕೆಲಸ ಶುರು, 2022ಕ್ಕೆ ಮುಗಿಯಬೇಕಿತ್ತು. 2019ರಲ್ಲಿ 15 ಮೀಟರಿಗೂ ಹೆಚ್ಚು ಅಗಲದ ಎರಡು ಸುರಂಗ ಕೊರೆಯುವ ಯಂತ್ರಗಳು ಬಂದಿಳಿದವು. ಅಷ್ಟರಲ್ಲಿ ಅಗೆಯಬೇಕಾದ ಮಣ್ಣಿನಲ್ಲಿ ಪಿಎಫ್ಎಎಸ್ ಎಂಬ ರಾಸಾಯನಿಕಗಳಿರುವ ವಿಷಯ ಜಗಳವಾಗಿ ಬೆಳೆಯಿತು. ಬೆಂಕಿ ಆರಿಸುವ ನೊರೆಯಲ್ಲಿ, ನೀರು ಅಂಟದ ಲೇಪನಗಳಲ್ಲಿ ಬಳಸುವ, ಪ್ರಕೃತಿಯಲ್ಲಿ ವಿಘಟನೆಯಾಗಲು ಒಪ್ಪದ ಪದಾರ್ಥಗಳಿವು. ಕುತೂಹಲದ ಸಂಗತಿಯೆಂದರೆ ಆ ಮಣ್ಣಿನ ಬಹುಭಾಗದಲ್ಲಿ ಅವುಗಳ ಪ್ರಮಾಣ ತೀರಾ ಕಡಿಮೆಯೇ ಇತ್ತು. ಪ್ರಮಾಣಕ್ಕಿಂತ ದೊಡ್ಡ ತಲೆನೋವಾದದ್ದು, ಸುಮಾರು 30 ಲಕ್ಷ ಟನ್ ಮಣ್ಣನ್ನು ಯಾವ ವರ್ಗಕ್ಕೆ ಸೇರಿಸಬೇಕು, ಯಾವ ಊರು ಅದನ್ನು ತೆಗೆದುಕೊಳ್ಳುತ್ತದೆ, ಹೆಚ್ಚುವರಿ ಖರ್ಚು ಯಾರದು ಎಂಬುದು ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಇತ್ಯರ್ಥವಾಗದೇ ಉಳಿದದ್ದು. 2020ರ ಆರಂಭದಲ್ಲಿ ಗುತ್ತಿಗೆದಾರರು ಒಪ್ಪಂದದಿಂದಲೇ ಹೊರಬರಲು ಹೊರಟರು. ಮಣ್ಣು ಬರಲಿದ್ದ ಊರುಗಳ ಜನ ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಯಂತ್ರಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಕೂತವು. 2021ರ ಡಿಸೆಂಬರಿನಲ್ಲಿ ರಾಜಿಯಾಗಿ, 2022ರಲ್ಲಿ ಕೊರೆತ ಆರಂಭವಾಗಿ, ರಸ್ತೆ ತೆರೆದದ್ದು 2025ರ ಡಿಸೆಂಬರಿನಲ್ಲಿ. ಸುಮಾರು 670 ಕೋಟಿ ಆಸ್ಟ್ರೇಲಿಯನ್ ಡಾಲರಿನ ಯೋಜನೆ 1,000 ಕೋಟಿ ದಾಟಿತು. ಅಷ್ಟೂ ಮಣ್ಣಿನಿಂದಲೇ ಏರಿತು ಎಂದು ಹೇಳಲಾಗದು. ಆದರೆ ಕೆಲಸ ನಿಲ್ಲಿಸಿದ್ದು ಮಣ್ಣೇ. ಮೆಲ್ಬರ್ನಿನಲ್ಲಿ ಪರೀಕ್ಷೆಯೇ ನಡೆದಿರಲಿಲ್ಲ ಎಂದೇನಲ್ಲ, ಪರಿಸರ ಪರಿಣಾಮದ ದೊಡ್ಡ ವರದಿಯೇ ಇತ್ತು. ‘ಕಲುಷಿತ ಮಣ್ಣು ಸಿಗಬಹುದು’ ಎಂದು ವರದಿಯಲ್ಲಿ ಬರೆದಿಡುವುದಕ್ಕೂ ‘ಇಷ್ಟು ಸಿಗುತ್ತದೆ, ಇಂಥಲ್ಲಿಗೆ ಹೋಗುತ್ತದೆ, ಇಷ್ಟು ಖರ್ಚು’ ಎಂದು ಬರೆಯುವುದಕ್ಕೂ ಇರುವ ಅಂತರದಲ್ಲಿ ಇಷ್ಟೆಲ್ಲ ನಡೆದುಹೋಯಿತು.

ಇದಕ್ಕೆ ವಿರುದ್ಧ ಉದಾಹರಣೆ ಲಂಡನ್ ಒಲಿಂಪಿಕ್ ಪಾರ್ಕ್. 2012ರ ಕ್ರೀಡಾಕೂಟಕ್ಕೆ ಆರಿಸಿದ ಸ್ಟ್ರಾಟ್‌ಫರ್ಡ್ ಸುತ್ತಲಿನ ಜಾಗ ಒಂದೂವರೆ ಶತಮಾನದಿಂದ ರಾಸಾಯನಿಕ ಕಾರ್ಖಾನೆ, ಗ್ಯಾಸ್ ಘಟಕ, ಕಸದ ಗುಂಡಿಗಳಿಂದ ತುಂಬಿದ್ದ ಪ್ರದೇಶ. ಅಲ್ಲಿ ಕಾಲಾವಕಾಶ ಬಿಗಿ. ಒಲಿಂಪಿಕ್ಸ್ ಉದ್ಘಾಟನೆಯ ದಿನವನ್ನು ಮುಂದೂಡುವಂತಿರಲಿಲ್ಲ. ಆದ್ದರಿಂದಲೇ ಕ್ರೀಡಾಂಗಣಕ್ಕೂ ಮೊದಲು ಮಣ್ಣಿಗೆ ಕೈ ಹಾಕಿದರು. ಸಾವಿರಾರು ಕಡೆ ಕೊರೆದು ಮಾದರಿ ತೆಗೆದರು, ಅಲ್ಲೇ ‘ಮಣ್ಣಿನ ಆಸ್ಪತ್ರೆ’ ಎಂದು ಹೆಸರು ಬಿದ್ದ ಘಟಕ ಹಾಕಿದರು, ಸುಮಾರು 20 ಲಕ್ಷ ಟನ್ ಮಣ್ಣನ್ನು ತೊಳೆದು, ಜರಡಿ ಹಿಡಿದು, ಬಹುಪಾಲನ್ನು ಅದೇ ಜಾಗದಲ್ಲಿ ಮತ್ತೆ ಬಳಸಿದರು. ಲಾಸ್ ಏಂಜಲೀಸ್‌ನ ಬೆಲ್ಮಾಂಟ್ ಪ್ರೌಢಶಾಲೆಯ ಕಥೆಯನ್ನೂ ಇಲ್ಲಿ ನೆನೆಯಬೇಕು. ಹಳೆಯ ಎಣ್ಣೆ ಬಾವಿಗಳ ಪ್ರದೇಶದ ಮೇಲೆ ಕಟ್ಟಡ ಏಳತೊಡಗಿದ ನಂತರ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳ ವಿವಾದ ಎದ್ದು 2000ದಲ್ಲಿ ಕೆಲಸ ನಿಂತಿತು, ಆಮೇಲೆ ಅಡಿಯಲ್ಲಿ ಭೂಕಂಪದ ಬಿರುಕೂ ಪತ್ತೆಯಾಯಿತು. ಕೊನೆಗೆ 2008ರಲ್ಲಿ ಬೇರೆ ಹೆಸರಿನಿಂದ ಶಾಲೆ ತೆರೆಯುವ ಹೊತ್ತಿಗೆ ಖರ್ಚು 40 ಕೋಟಿ ಡಾಲರಿನ ಹತ್ತಿರ ಹೋಗಿತ್ತು. ಈ ವಿವಾದ ಎದ್ದ ಮೇಲೆ ಕ್ಯಾಲಿಫೋರ್ನಿಯ ರಾಜ್ಯ, ತನ್ನ ಅನುದಾನ ಪಡೆಯುವ ಶಾಲಾ ಜಾಗಗಳಿಗೆ ಮೊದಲೇ ಈ ತನಿಖೆಯಾಗಬೇಕೆಂದು ಕಾನೂನು ಮಾಡಿತು.

ನಮ್ಮ ಕಾನೂನು ಎಲ್ಲಿದೆ? 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಬಂದರು, ವಿಮಾನ ನಿಲ್ದಾಣ, ದೊಡ್ಡ ಹೆದ್ದಾರಿ, 20,000 ಚದರ ಮೀಟರ್ ಮೀರಿದ ಕಟ್ಟಡಗಳಿವೆ. ರೈಲು ಮತ್ತು ಮೆಟ್ರೊ ಮಾರ್ಗಗಳೇ ಇಲ್ಲ. ನಮ್ಮ ಮೆಟ್ರೊಗೆ ಪರಿಸರ ಅಧ್ಯಯನ ನಡೆದಿದೆಯೆಂದರೆ ಅದಕ್ಕೆ ಮುಖ್ಯ ಕಾರಣ ಸಾಲ ಕೊಟ್ಟ ವಿದೇಶಿ ಬ್ಯಾಂಕುಗಳ ಷರತ್ತು. ಬೆಂಗಳೂರಿನ ಮಣ್ಣಿನ ಬಗ್ಗೆ ಮನಿಲಾ, ಟೋಕಿಯೊಗಳಲ್ಲಿ ಕೂತವರು ಕೇಳಬೇಕು, ವಿಧಾನಸೌಧದಲ್ಲಿ ಕೂತವರು ಕೇಳಬೇಕಿಲ್ಲ ಎಂಬ ಸ್ಥಿತಿ ಇದು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ತಂದಿತು. ಒಳ್ಳೆಯ ಹೆಜ್ಜೆ, ತಡವಾದ ಹೆಜ್ಜೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನಾಸ್ಪದ ಜಾಗಗಳ ವರದಿ ಕೊಡಬೇಕು, ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಆಮೇಲೆ ವಿವರವಾದ ಸಮೀಕ್ಷೆ, ಕೆಡಿಸಿದವರಿಂದಲೇ ಖರ್ಚು ವಸೂಲಿ. ಆ ನಿಯಮ ಬಂದಾಗ ದೇಶದಲ್ಲಿ ಗುರುತಿಸಲಾಗಿದ್ದ ಕಲುಷಿತ ತಾಣಗಳು 103, ಶುಚಿಗೊಳಿಸುವ ಕೆಲಸ ಶುರುವಾಗಿದ್ದದ್ದು 7ರಲ್ಲಿ. ಇಷ್ಟು ದೊಡ್ಡ ದೇಶಕ್ಕೆ 103 ಎಂಬ ಸಂಖ್ಯೆ ನಮ್ಮ ನೆಲದ ಶುದ್ಧತೆಗಿಂತ ನಮ್ಮ ಹುಡುಕಾಟದ ಸೋಮಾರಿತನವನ್ನೇ ಹೇಳುತ್ತದೆ. ಗಣಿಗಾರಿಕೆಯಿಂದ ಮತ್ತು ಕಸದ ಗುಡ್ಡಗಳಿಂದಾದ ಮಾಲಿನ್ಯವನ್ನು ಈ ನಿಯಮ ಸಾಮಾನ್ಯವಾಗಿ ಹೊರಗಿಟ್ಟಿದೆ. ಕೆಜಿಎಫ್‌ನ ಸಯನೈಡ್ ದಿಬ್ಬಗಳು, ಮಾವಳ್ಳಿಪುರದ ಕಸ ನೆನಪಾಗದೇ ಇರದು. ಎಲ್ಲಕ್ಕಿಂತ ದೊಡ್ಡ ಕೊರತೆ, ಹೊಸ ಕಾಮಗಾರಿಗೂ ಈ ನಿಯಮಕ್ಕೂ ಕೊಂಡಿಯಿಲ್ಲ. ಲೋಕೋಪಯೋಗಿ ಇಲಾಖೆ ಒಂದು ಜಾಗ ಆರಿಸಿದ ತಕ್ಷಣ ಆ ಪಟ್ಟಿಯನ್ನು ನೋಡಲೇಬೇಕು, ಪಟ್ಟಿಯಲ್ಲಿ ಇಲ್ಲದಿದ್ದರೂ ಜಾಗದ ಚರಿತ್ರೆ ನೋಡಲೇಬೇಕು ಎಂದು ಅದು ಹೇಳುವುದಿಲ್ಲ. ಆ ಒಂದು ವಾಕ್ಯವನ್ನು ರಾಜ್ಯ ಸರ್ಕಾರ ತನ್ನ ಟೆಂಡರ್ ನಿಯಮಗಳಲ್ಲೇ ಸೇರಿಸಬಹುದು, ದೆಹಲಿಗೆ ಕಾಯಬೇಕಿಲ್ಲ.

‘ಇರುವ ಅನುಮತಿಗಳಿಗೇ ವರ್ಷಗಟ್ಟಲೆ ಅಲೆಯುತ್ತೇವೆ, ಇನ್ನೊಂದು ಯಾಕೆ?’ ಎಂದು ಎಂಜಿನಿಯರುಗಳು ಕೇಳುತ್ತಾರೆ. ನ್ಯಾಯವಾದ ಸಿಟ್ಟೇ. ಆದರೆ ಇಲ್ಲಿ ಕೇಳುತ್ತಿರುವುದು ಇನ್ನೊಂದು ಅನುಮತಿಯನ್ನಲ್ಲ, ಮಾಹಿತಿಯನ್ನು. ಮೊದಲ ಹಂತ ಬರೀ ಕಡತ ಮತ್ತು ಓಡಾಟದ ಕೆಲಸ. ಭೂಸ್ವಾಧೀನದ ನೋಟಿಸು, ಆಕ್ಷೇಪಣೆ ಎಂದು ಹೇಗೂ ಕಳೆಯುವ ತಿಂಗಳುಗಳಲ್ಲೇ ಅದು ಮುಗಿಯುತ್ತದೆ. ಎರಡನೇ ಹಂತಕ್ಕೂ ಯಂತ್ರ ಆಗಲೇ ಜಾಗದಲ್ಲಿರುತ್ತದೆ. ಅದೇ ಕೊರೆತದಿಂದ ಇನ್ನೊಂದು ಮಾದರಿ ತೆಗೆದರಾಯಿತು. ಇದನ್ನು ತೆಗೆಯುವ ಕ್ರಮ ಮಾತ್ರ ಬೇರೆ: ಪ್ರತಿ ಸಲ ತೊಳೆದ ಉಪಕರಣ, ಪ್ಲಾಸ್ಟಿಕ್ ಚೀಲದ ಬದಲು ಬಿಗಿ ಮುಚ್ಚಳದ ಗಾಜಿನ ಶೀಶೆ, ಐಸ್ ಪೆಟ್ಟಿಗೆ, ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂಬ ಸಹಿಯ ಹಾಳೆ. ಮಾದರಿ ಬಿಸಿಲಲ್ಲಿ ಕೂತರೆ ಬೆಂಜೀನ್ ಹಾರಿಹೋಗುತ್ತದೆ, ವರದಿ ‘ಏನೂ ಇಲ್ಲ’ ಎನ್ನುತ್ತದೆ. ಈಗಿನ ಟೆಂಡರುಗಳಲ್ಲಿ ನೆಲದಡಿ ಏನೇ ಸಿಕ್ಕರೂ ಗುತ್ತಿಗೆದಾರನೇ ಹೊಣೆ ಎಂಬ ಷರತ್ತು ಹಾಕಿ ಇಲಾಖೆ ನಿಶ್ಚಿಂತೆಯಾಗುವುದೂ ಉಂಟು. ಆ ನಿಶ್ಚಿಂತೆ ಹುಸಿ. ಗೊತ್ತಿಲ್ಲದ ಅಪಾಯಕ್ಕೆ ಗುತ್ತಿಗೆದಾರ ಒಂದೋ ದರ ಏರಿಸಿ ಬರೆಯುತ್ತಾನೆ, ಇಲ್ಲವೇ ಕಡಿಮೆ ದರ ಬರೆದು, ಕಪ್ಪು ಮಣ್ಣು ಸಿಕ್ಕಿದ ರಾತ್ರಿ ಸದ್ದಿಲ್ಲದೆ ಲಾರಿ ತುಂಬಿಸಿ ಕಳಿಸುತ್ತಾನೆ.

ಇವೆಲ್ಲ ಶ್ರೀಮಂತ ದೇಶಗಳ ಶೋಕಿ, ನಮಗೆ ಮೊದಲು ರಸ್ತೆ, ನೀರು, ಆಸ್ಪತ್ರೆ ಬೇಕು ಎಂಬ ಮಾತಿಗೆ ಭಾವನಾತ್ಮಕ ಬಲವಿದೆ, ಲೆಕ್ಕದ ಬಲವಿಲ್ಲ. ಖರ್ಚು ಇಲ್ಲಿಯೂ ಆಗುತ್ತಿದೆ. ಅದು ಬಜೆಟ್ಟಿನಲ್ಲಿ ಕಾಣದೆ ಕೂಲಿಗಳ ಮೈಯಲ್ಲಿ ಕಾಣುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ 1985ರಿಂದ ಬಳಸದೇ ಮೂಲೆಗಿಟ್ಟಿದ್ದ ಹಳೆಯ ಗಾಮಾ ವಿಕಿರಣ ಉಪಕರಣವನ್ನು ಹರಾಜಿನಲ್ಲಿ ಗುಜರಿಗೆ ಮಾರಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದಾಗ ಒಳಗಿನ ಕೋಬಾಲ್ಟ್-60 ಹೊರಬಿತ್ತು. ಒಬ್ಬ ಕಾರ್ಮಿಕ ಸತ್ತ, ಇನ್ನೂ ಹಲವರು ವಿಕಿರಣದಿಂದ ಬಳಲಿದರು. ಮಾರಿದ್ದು ಕಾರ್ಖಾನೆಯಲ್ಲ, ವಿಜ್ಞಾನ ಕಲಿಸುವ ಸಾರ್ವಜನಿಕ ಸಂಸ್ಥೆ. ಖಾಲಿ ಮಾಡುವ ಕೋಣೆಯಲ್ಲಿ ಏನೇನಿದೆ ಎಂಬ ಒಂದು ಪಟ್ಟಿ ಸರಿಯಾಗಿ ಆಗಿದ್ದರೆ ಸಾಕಿತ್ತು. ಇವತ್ತು ರಾಜ್ಯದಾದ್ಯಂತ ಹಳೆಯ ಸರ್ಕಾರಿ ಕ್ವಾರ್ಟರ್ಸ್, ಶಾಲೆ, ರೈಲು ನಿಲ್ದಾಣ, ಆಸ್ಪತ್ರೆ ಕೆಡವಿ ಹೊಸದು ಕಟ್ಟುವ ಕಾಲ. ಅವುಗಳ ಚಾವಣಿಯಲ್ಲಿ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟಿದೆ, ಗೋಡೆಗಳಲ್ಲಿ 2017ರ ಮಿತಿ ಜಾರಿಗೆ ಬರುವ ಮುಂಚಿನ ಸೀಸದ ಬಣ್ಣವಿದೆ, ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕದ ಎಣ್ಣೆ ಇರಬಹುದು. 2025ರ ಡಿಸೆಂಬರ್ 31ರ ನಂತರ ಅಂಥ ಎಣ್ಣೆಯ ಬಳಕೆಗೇ ನಿಷೇಧವಿದೆ. ಆಸ್‌ಬೆಸ್ಟಾಸ್ ಶೀಟು ಸುಮ್ಮನಿದ್ದರೆ ಅಷ್ಟೇನೂ ಕೇಡಲ್ಲ; ಸುತ್ತಿಗೆಯಿಂದ ಒಡೆದಾಗ ಏಳುವ ದೂಳಿನಲ್ಲಿರುವ ಎಳೆಗಳು ಶ್ವಾಸಕೋಶ ಸೇರಿ, ಕಾಯಿಲೆಯಾಗಿ ಕಾಣಿಸಿಕೊಳ್ಳುವುದು ಎಷ್ಟೋ ಸಲ ಎರಡು ಮೂರು ದಶಕದ ನಂತರ. ಅದಕ್ಕಾಗಿಯೇ ಸುಪ್ರೀಂ ಕೋರ್ಟ್ 1995ರಲ್ಲಿ ಆಸ್‌ಬೆಸ್ಟಾಸ್ ಉದ್ದಿಮೆಯ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದಿತು. ಶಾಲೆಯ ಚಾವಣಿ ಒಡೆಯಲು ದಿನಗೂಲಿಗೆ ಬಂದವನ ಹೆಸರು ಯಾವ ದಾಖಲೆಯಲ್ಲಿದೆ?

ಇನ್ನೊಂದು ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿ. ವಿಷ ಸಿಕ್ಕರೆ ಅದನ್ನು ಹಾಕುವುದೆಲ್ಲಿ? ದಾಬಸ್‌ಪೇಟೆ ಬಳಿ ಅಪಾಯಕಾರಿ ತ್ಯಾಜ್ಯವನ್ನು ಹೂಳುವ ತಾಣವಿದೆ. ಕಾರ್ಖಾನೆಗಳ ತ್ಯಾಜ್ಯಕ್ಕೆಂದು ಮಾಡಿದ ಅಂಥ ಕಡೆ ಲಕ್ಷಾಂತರ ಟನ್ ಮಣ್ಣು ಹಿಡಿಯುವುದಿಲ್ಲ. ಮಾಲಿನ್ಯ ಎಂಬ ಪದ ಕೇಳಿದೊಡನೆ ನ್ಯಾಯಾಲಯದ ತಡೆ, ಜಾಗದ ಬೆಲೆ ಕುಸಿತ, ಯೋಜನೆಗೇ ಕೊಡಲಿ. ಆದ್ದರಿಂದ ಕೇಳದೇ ಇರುವುದೇ ಜಾಣತನ ಎಂಬ ನಿಲುವು ಅಧಿಕಾರಿಗಳಲ್ಲಿ ಬೆಳೆದಿದ್ದರೆ ಅವರನ್ನಷ್ಟೇ ದೂರಿ ಫಲವಿಲ್ಲ. ಇಲ್ಲಿ ಪರಿಸರವಾದಿಗಳೂ ಸ್ವಲ್ಪ ಹಿಡಿತ ಸಡಿಲಿಸಬೇಕು. ಮಣ್ಣಿನಲ್ಲಿ ಏನಾದರೂ ಸಿಕ್ಕರೆ ಯೋಜನೆ ನಿಲ್ಲಬೇಕು ಎಂಬುದು ತಪ್ಪು. ಬಹಳಷ್ಟು ಸಲ ಅಲ್ಲೇ ತೊಳೆದು, ಅಲ್ಲೇ ಗಟ್ಟಿಗೊಳಿಸಿ, ಮೇಲೆ ಕಾಂಕ್ರೀಟೋ ಜೇಡಿಯೋ ಹೊದಿಸಿ ಮುಂದುವರಿಯಬಹುದು. ಬಳಕೆಗೆ ತಕ್ಕ ಮಿತಿ ಇರಬೇಕು: ಮಕ್ಕಳ ಆಟದ ಮೈದಾನಕ್ಕೆ ಒಂದು, ಬಸ್ ಡಿಪೊಗೆ ಇನ್ನೊಂದು. ಹೊರದೇಶದ ಕೋಷ್ಟಕವನ್ನು ಹಾಗೇ ತಂದು ಅಂಟಿಸುವುದೂ ಸರಿಯಲ್ಲ. ರಾಯಚೂರು, ಯಾದಗಿರಿಯ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್, ಕೋಲಾರದ ಕಡೆ ಫ್ಲೋರೈಡ್ ಬಂಡೆಯಿಂದಲೇ ಬರುತ್ತದೆ. ಯಾವುದು ನೆಲದ ಸ್ವಭಾವ, ಯಾವುದು ಮನುಷ್ಯನ ಕೆಲಸ ಎಂದು ಬೇರ್ಪಡಿಸಲು ಮೊದಲು ನಮ್ಮದೇ ನೆಲದ ಅಂಕಿಅಂಶ ಬೇಕು, ಮತ್ತು ಆ ಅಂಕಿಅಂಶ ಹುಟ್ಟುವುದಕ್ಕೆ ಪ್ರತಿ ಕಾಮಗಾರಿಯ ಕೊರೆತವೂ ಒಂದು ಅವಕಾಶ. ಇಷ್ಟು ದಶಕ ನೆಲ ಕೊರೆದರೂ ನಮ್ಮ ಕೈಯಲ್ಲಿ ಉಳಿದಿರುವುದು ಏಟುಗಳ ಎಣಿಕೆ ಮಾತ್ರ.

ಕಡ್ಡಾಯ ಮಾಡಿದರೂ ವರದಿಗಳು ಟೇಬಲ್ಲಿನ ಮೇಲೆಯೇ ತಯಾರಾಗುತ್ತವೆ ಎಂಬ ಅಪನಂಬಿಕೆ ನಿರಾಧಾರವಲ್ಲ. ಬೆಂಗಳೂರಿನ ಸುರಂಗ ರಸ್ತೆಯ ಡಿಪಿಆರ್‌ನಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರುಗಳು ಇಣುಕಿದ್ದನ್ನು ಓದುಗರು ಮರೆತಿರಲಾರರು. ಯೋಜನೆ ಮಾಡುವವರೇ ಹಣ ಕೊಟ್ಟು ಬರೆಸುವ ವರದಿ ಯೋಜನೆಗೆ ಅಡ್ಡ ಬರುವುದು ಅಪರೂಪ. ಹಾಗೆಂದು ಪರೀಕ್ಷೆಯನ್ನೇ ಬಿಡಬೇಕಿಲ್ಲ, ವರದಿಗಿಂತ ಕಚ್ಚಾ ಅಂಕಿಗಳ ಮೇಲೆ ಒತ್ತು ಹಾಕಬೇಕು. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿ ಒಂದನ್ನು ಇಲಾಖೆಗೆ ಸಂಬಂಧವಿಲ್ಲದ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಲಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವ ದಿನ ತೆಗೆದದ್ದು, ಏನು ಸಿಕ್ಕಿತು ಎಂಬುದನ್ನು ನಕ್ಷೆಯ ಮೇಲೆ ಹಾಕಿ ಟೆಂಡರ್ ದಾಖಲೆಯ ಜೊತೆಗೇ ಪ್ರಕಟಿಸಲಿ. ನೂರು ಪುಟದ ಗದ್ಯವನ್ನು ನಕಲು ಮಾಡುವುದು ಸುಲಭ. ಎರಡು ಪ್ರಯೋಗಾಲಯಗಳ ನಾನ್ನೂರು ಸಂಖ್ಯೆಗಳನ್ನು ಒಂದಕ್ಕೊಂದು ಹೊಂದುವಂತೆ ಹೆಣೆಯುವುದು ಕಷ್ಟ, ಹೆಣೆದರೂ ಯಾವುದಾದರೊಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಹಿಡಿದುಹಾಕುತ್ತಾರೆ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 16.7 ಕಿ.ಮೀ. ಸುರಂಗ ರಸ್ತೆ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಲಾಲ್‌ಬಾಗ್ ಬಂಡೆಯಿಂದ ಹಿಡಿದು ಟೋಲ್ ದರದವರೆಗೆ ಎಲ್ಲವೂ ಬಂದಿದೆ, ಅಗೆದ ಮಣ್ಣಿನ ಗತಿಯ ಮಾತು ಮಾತ್ರ ಅಪರೂಪ. ಮೆಲ್ಬರ್ನಿನ ಎರಡೂ ಸುರಂಗ ಕೂಡಿಸಿದರೂ 7 ಕಿ.ಮೀ. ಆಗದು, ಇಲ್ಲಿ ಒಂದೊಂದು ಕೊಳವೆಯೇ ಅದರ ಎರಡು ಪಟ್ಟಿಗೂ ಮಿಗಿಲು. ಬಹುಪಾಲು ಗಟ್ಟಿ ಬಂಡೆಯ ಪುಡಿಯೇ ಬಂದೀತು, ಅದರಿಂದ ಭಯವಿಲ್ಲ. ಆದರೆ ವಾಹನಗಳು ಇಳಿಯುವ, ಏರುವ ದಾರಿಗಳನ್ನು ನಗರದ ಮೇಲ್ಪದರದಲ್ಲೇ ತೋಡಬೇಕು, ಹಳೆಯ ಕೆರೆಯಂಗಳ, ಗ್ಯಾರೇಜು, ಬಂಕುಗಳೆಲ್ಲ ಇರುವುದು ಆ ಪದರದಲ್ಲೇ. ಅಗೆತದ ಗುತ್ತಿಗೆಗೆ ಸಹಿ ಹಾಕುವ ಮುನ್ನ ಯಾವ ತುಂಡಿನ ಮಣ್ಣು ಯಾವ ಕ್ವಾರಿಗೆ ಎಂಬ ಪಟ್ಟಿ ಸಿದ್ಧವಾಗಲಿ. ಅದರ ಒಂದು ಪ್ರತಿ, ಪರೀಕ್ಷೆಯ ಅಂಕಿಗಳ ಸಮೇತ, ಕನ್ನಡದಲ್ಲಿ, ಆ ಕ್ವಾರಿ ಇರುವ ಗ್ರಾಮ ಪಂಚಾಯಿತಿಗೆ ಹೋಗಲಿ. ಕ್ವಾರಿಯ ಸುತ್ತಲಿನ ಬೋರ್‌ವೆಲ್‌ಗಳ ನೀರನ್ನು ಮೊದಲ ಲಾರಿ ಬರುವ ಮುಂಚೆ ಒಮ್ಮೆ, ಕೊನೆಯ ಲಾರಿ ಹೋದ ಮೇಲೆ ಪ್ರತಿ ವರ್ಷ, ಯೋಜನೆಯ ಖರ್ಚಿನಲ್ಲೇ ಪರೀಕ್ಷಿಸುವ ಷರತ್ತು ಅದೇ ಗುತ್ತಿಗೆಯಲ್ಲಿರಲಿ.